ಹಿಸ್ಟೊಪೆಥಾಲಜಿ ಕೆಲಸ ಬೇಕಾದವರು ಲ್ಯಾಬ್ ಹುಡುಕಬೇಡಿ, ಪೆಥಾಲಜಿಸ್ಟ್ ಎಲ್ಲಿದ್ದಾರೆಂದು ಹುಡುಕಿ

ಡಿಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ಮುಗಿಸಿದವರು ನನ್ನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಕ್ಕಾ, ಹಿಸ್ಟೊ ಟೆಕ್ನಿಷಿಯನ್ ಹುದ್ದೆ ಎಲ್ಲಾದರೂ ಕರೆದಿದ್ದಾರೆಯೇ?" ಹಿಸ್ಟೊ ಎಂದರೆ ಹಿಸ್ಟೊಪೆಥಾಲಜಿ, ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವ ವಿಭಾಗ. ಆದರೆ ಆ ಹುದ್ದೆಯ ಹೆಸರು ಹಿಡಿದು ಹುಡುಕಿದರೆ ಹುಡುಕುತ್ತಲೇ ಇರಬೇಕಾಗುತ್ತದೆ. ಜಾಹೀರಾತಿನಲ್ಲಿ ಬರುವುದು ಬರೀ ‘ಲ್ಯಾಬ್ ಟೆಕ್ನಿಷಿಯನ್’. ಅದು ರಕ್ತ ತೆಗೆಯುವ ಕೆಲಸವಾಗಿರಬಹುದು, ಬಯೊಕೆಮಿಸ್ಟ್ರಿ ಯಂತ್ರ ನೋಡಿಕೊಳ್ಳುವುದಾಗಿರಬಹುದು, ಮೈಕ್ರೊಟೋಮ್ ಎಂಬ ಕೊಯ್ಯುವ ಯಂತ್ರದ ಮುಂದೆ ಕುಳಿತು ಅಂಗಾಂಶ ಹುದುಗಿದ ಮೇಣದ ಬ್ಲಾಕ್ ಕೊಯ್ಯುವುದೂ ಆಗಿರಬಹುದು. ಯಾವುದೆಂದು ತಿಳಿಯಲು ಲ್ಯಾಬಿನ ಬೋರ್ಡು ಓದಿ ಪ್ರಯೋಜನವಿಲ್ಲ. ಅಲ್ಲಿ ಪೆಥಾಲಜಿಸ್ಟ್ (ಸ್ಲೈಡ್ ನೋಡಿ ರೋಗ ಗುರುತಿಸುವ ವೈದ್ಯರು) ದಿನವೂ ಕುಳಿತುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಬಯಾಪ್ಸಿ ವರದಿಗೆ ಸಹಿ ಹಾಕುವವರು ಎಲ್ಲಿದ್ದಾರೋ ಅಲ್ಲಿ ಸ್ಲೈಡ್ ಮಾಡಿಕೊಡುವವರು ಬೇಕೇ ಬೇಕು. ಅವರಿಲ್ಲದ ಕಡೆ ಅಂಗಾಂಶ ಕೆಡದಂತೆ ಕಾಯುವ ಫಾರ್ಮಾಲಿನ್‌ನ ಬಾಟಲಿಗೆ ಟೇಪ್ ಸುತ್ತಿ ಕೊರಿಯರ್‌ನವನ ಕೈಗೆ ಕೊಡುವುದಷ್ಟೇ ಕೆಲಸ.

ನನ್ನ ಮನೆ ಅಂಕೋಲಾ. ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಕೈ ಪಳಗಿದ್ದು ಮಂಗಳೂರಿನಲ್ಲಿ, ಈಗಿರುವುದು ಕಾರವಾರದಲ್ಲಿ. ಹೊಸಬರನ್ನು ಮೈಕ್ರೊಟೋಮ್ ಮುಂದೆ ಕೂರಿಸಿ ಪರೀಕ್ಷಿಸುವ ಜವಾಬ್ದಾರಿ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅರ್ಜಿ ಹಿಡಿದು ಅಲೆದವಳಾಗಿಯೂ ಅರ್ಜಿ ಹಿಡಿದು ಬಂದವರನ್ನು ನೋಡುವವಳಾಗಿಯೂ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಯಾವ ಕೆಲಸಕ್ಕೆ ಹೋಗುತ್ತಿದ್ದಾಳೆಂದು ತಿಳಿಯದ ಅಪ್ಪ ಅಮ್ಮಂದಿರಿಗಾಗಿ ನಾಲ್ಕು ಮಾತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟು, ಪಿತ್ತಕೋಶ, ಅಪೆಂಡಿಕ್ಸ್, ಗರ್ಭಕೋಶ, ಬಾಯಿಹುಣ್ಣಿನ ಅಂಚಿನಿಂದ ಕತ್ತರಿಸಿದ ಚೂರು, ಎಲ್ಲವೂ ಫಾರ್ಮಾಲಿನ್‌ನಲ್ಲಿ ಮುಳುಗಿ ಬರುತ್ತವೆ. ಪೆಥಾಲಜಿಸ್ಟ್ ಅವನ್ನು ಅಳೆದು, ಬೇಕಾದ ಭಾಗಗಳನ್ನು ಕತ್ತರಿಸಿ, ಪುಟ್ಟ ಪ್ಲಾಸ್ಟಿಕ್ ಕ್ಯಾಸೆಟ್‌ಗಳಿಗೆ ಹಾಕುತ್ತಾರೆ. ಅದೇ ಗ್ರಾಸಿಂಗ್. ಅಲ್ಲಿಂದ ಮುಂದಿನದು ನಮ್ಮದು. ರಾತ್ರಿಯಿಡೀ ಟಿಶ್ಯೂ ಪ್ರೊಸೆಸರ್‌ನಲ್ಲಿ ಆಲ್ಕೊಹಾಲ್ ಹಂತಹಂತವಾಗಿ ನೀರನ್ನು ತೆಗೆಯುತ್ತದೆ, ಕ್ಸೈಲೀನ್ ಆ ಆಲ್ಕೊಹಾಲನ್ನು ತೆಗೆಯುತ್ತದೆ, ಕೊನೆಗೆ 60 ಡಿಗ್ರಿ ಆಸುಪಾಸಿನಲ್ಲಿ ಕರಗಿದ ಮೇಣ ಒಳಗಿಳಿಯುತ್ತದೆ. ಬೆಳಿಗ್ಗೆ ಅಚ್ಚಿನಲ್ಲಿ ಬ್ಲಾಕ್ ಕಟ್ಟಿ, 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಗಾಜಿನ ಮೇಲೆ ಹಿಡಿದು, ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಕೊಟ್ಟು, ಡಿಪಿಎಕ್ಸ್ ಎಂಬ ಅಂಟು ಹಾಕಿ ತೆಳು ಗಾಜಿನಿಂದ ಮುಚ್ಚಿದರೆ ಸ್ಲೈಡ್ ಸಿದ್ಧ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಯಂತ್ರಗಳು ಎಷ್ಟೇ ಬಂದಿದ್ದರೂ ಕೊಯ್ಯುವುದು ಇಂದಿಗೂ ಬಹುಪಾಲು ಕೈಚಳಕದ ಕೆಲಸ. ಕೈ ಕುದುರಿದವರು ಸಿಗುವುದು ಕಷ್ಟ ಎಂಬುದೇ ನಿಮ್ಮ ಬಂಡವಾಳ.

ಓದಿನ ಬಗ್ಗೆ

ಇದನ್ನು ಬೇಗ ಮುಗಿಸುತ್ತೇನೆ. ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡಿನ ಡಿಎಂಎಲ್‌ಟಿ ಅಥವಾ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿಎಸ್ಸಿ ಎಂಎಲ್‌ಟಿ, ಎರಡರಲ್ಲಿ ಒಂದಿದ್ದರೆ ಸಾಕು. ಪೇಟೆಯ ಮಹಡಿಯ ಮೇಲೆ ಆರು ತಿಂಗಳಲ್ಲಿ ಮುಗಿಸಿಕೊಡುವ ‘ಲ್ಯಾಬ್ ಕೋರ್ಸ್’ಗಳಿಗೆ ದುಡ್ಡು ಸುರಿಯಬೇಡಿ. ಸೇರುವ ಮುನ್ನ ಕಾಲೇಜಿಗೆ ಬೋರ್ಡಿನ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಅಂಗೀಕೃತ ಓದು, ನೋಂದಣಿ ಇವುಗಳಿಗೆ ಇನ್ನು ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ.

ಅಂಕಪಟ್ಟಿಗಿಂತ ಇಂಟರ್ನ್‌ಶಿಪ್ ಮುಖ್ಯ. ಬಹಳಷ್ಟು ಕಡೆ ಇಂಟರ್ನಿಗಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ರಕ್ತ ಸಂಗ್ರಹದ ಕೌಂಟರಿಗೆ ಕಟ್ಟಿಹಾಕುತ್ತಾರೆ. ಹಿಸ್ಟೊ ಕೋಣೆಗೆ ಕಳುಹಿಸುವುದು ವಾರವೋ ಹದಿನೈದು ದಿನವೋ ಮಾತ್ರ. ಅಲ್ಲಿಯೂ ಫಾರ್ಮಾಲಿನ್ ಘಾಟಿಗೆ ಮೂಗು ಮುಚ್ಚಿಕೊಂಡು ಓಡಿಹೋಗುವವರೇ ಹೆಚ್ಚು. ಅದು ನಿಮಗೆ ಅನುಕೂಲವೇ ಆಯಿತು. ಇಷ್ಟಪಟ್ಟು ಬರುವವರು ಕಡಿಮೆಯಾದ್ದರಿಂದ ‘ಹಿಸ್ಟೊದಲ್ಲಿ ಇನ್ನೊಂದು ತಿಂಗಳು ಇರುತ್ತೇನೆ’ ಎಂದು ಲಿಖಿತವಾಗಿ ಕೇಳಿದರೆ ಬೇಡ ಎನ್ನುವವರು ಅಪರೂಪ.

ಕೈ ಪಳಗಿಸಲು ರೋಗಿಯ ಬ್ಲಾಕ್ ಬೇಕಾಗಿಲ್ಲ. ಅದನ್ನು ಅಪ್ಪಣೆಯಿಲ್ಲದೆ ಮುಟ್ಟಲೂಬಾರದು. ಮಾಂಸದಂಗಡಿಯಿಂದ ಆಡಿನ ಲಿವರ್, ಕಿಡ್ನಿ, ಕೋಳಿಯ ಗಿಜಾರ್ಡ್ ತನ್ನಿ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಹೋಳು ಮಾಡಿ, ಅದರ ಹತ್ತು ಪಟ್ಟು ಫಾರ್ಮಾಲಿನ್‌ನಲ್ಲಿ ಒಂದು ದಿನ ಮುಳುಗಿಸಿಡಿ. ಕಾಲೇಜಿನ ಪ್ರೊಸೆಸರ್‌ನಲ್ಲಿ ಜಾಗ ಇದ್ದಾಗ ನಿಮ್ಮ ಕ್ಯಾಸೆಟ್‌ಗೆ ಬೇರೆ ಗುರುತು ಹಾಕಿ ಕೇಳಿಕೊಂಡು ಸೇರಿಸಿ. ಲಿವರ್ ಮೆತ್ತಗೆ ಕೊಯ್ಯುತ್ತದೆ, ಹೊಸಬರಿಗೆ ಧೈರ್ಯ ಕೊಡುತ್ತದೆ. ಗಿಜಾರ್ಡಿನ ಸ್ನಾಯು ಬ್ಲೇಡನ್ನು ನಡುಗಿಸುತ್ತದೆ, ಅಹಂಕಾರ ಇಳಿಸುತ್ತದೆ. ಎರಡೂ ಬೇಕು. ಚೆನ್ನಾಗಿ ಬಂದ ಸ್ಲೈಡುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟುಕೊಳ್ಳಿ. ಸಂದರ್ಶನಕ್ಕೆ ಹೋದಾಗ ಬಯೊಡೇಟಾದ ಜೊತೆ ಆ ಪೆಟ್ಟಿಗೆಯೂ ಮೇಜಿನ ಮೇಲೆ ಕುಳಿತರೆ ಅರ್ಧ ಮಾತು ಅಲ್ಲಿಗೇ ಮುಗಿಯುತ್ತದೆ. ರೋಗಿಯ ಸ್ಲೈಡನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ನಂಬರ್ ಸಮೇತ ತೋರಿಸುವವರನ್ನು ಕಂಡಿದ್ದೇನೆ. ಅಂಥವರಿಗೆ ನಾನಂತೂ ಕೆಲಸ ಕೊಡಿ ಎಂದು ಹೇಳುವುದಿಲ್ಲ.

ಎಲ್ಲೆಲ್ಲಿ ಕೇಳಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲ ಹೆಸರು ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಕ್ರಿಮ್ಸ್. ವೈದ್ಯಕೀಯ ಕಾಲೇಜು ಎಂದ ಮೇಲೆ ಪೆಥಾಲಜಿ ವಿಭಾಗ ಇರಲೇಬೇಕು, ಪೆಥಾಲಜಿ ವಿಭಾಗ ಎಂದ ಮೇಲೆ ಹಿಸ್ಟೊ ಕೋಣೆ ಇರಲೇಬೇಕು. ಶಿರಸಿ, ಕುಮಟಾ, ಹೊನ್ನಾವರ, ಭಟ್ಕಳದ ಪೇಟೆಗಳಲ್ಲಿ ಕಾಣುವ ಹೊಳೆಯುವ ಬೋರ್ಡುಗಳಲ್ಲಿ ಬಹಳಷ್ಟು ಸಂಗ್ರಹ ಕೇಂದ್ರಗಳವು. ಅಲ್ಲಿಂದ ಬಾಟಲಿಗಳು ಘಟ್ಟ ಹತ್ತಿ ಹುಬ್ಬಳ್ಳಿಗೋ ಕರಾವಳಿ ಹಿಡಿದು ಮಣಿಪಾಲ, ಮಂಗಳೂರಿಗೋ ಹೋಗುತ್ತವೆ. ಬಾಟಲಿ ಹೋಗುವ ದಾರಿಯಲ್ಲೇ ನೀವೂ ಹೋಗಬೇಕು.

ಸಂಗ್ರಹ ಕೇಂದ್ರದ ಕೆಲಸ ತೀರಾ ನಿರರ್ಥಕ ಎಂದು ನಾನು ಹೇಳುವುದಿಲ್ಲ. ಊರಿನಲ್ಲೇ ಇದ್ದು ಆರಂಭಿಸಬೇಕಾದವರು ಅಲ್ಲಿ ಒಂದು ಪಾಠವನ್ನಾದರೂ ಕಲಿಯಬಹುದು. ಅಗಲ ಬಾಯಿಯ ಡಬ್ಬ ಕೊಡುವ ಬದಲು ಗರ್ಭಕೋಶವನ್ನು ಕಿರಿದಾದ ಬಾಟಲಿಗೆ ತುರುಕಿ ಕಳುಹಿಸುತ್ತಾರೆ. ಫಾರ್ಮಾಲಿನ್‌ನಲ್ಲಿ ಅದು ಗಟ್ಟಿಯಾದ ಮೇಲೆ ಹೊರಬರುವುದಿಲ್ಲ, ಬಾಟಲಿಯನ್ನೇ ಕೊಯ್ಯಬೇಕಾಗುತ್ತದೆ. ಫಾರ್ಮಾಲಿನ್ ಮುಗಿದಿದೆ ಎಂದು ಸಲೈನ್‌ನಲ್ಲಿ ಹಾಕಿ ಕಳುಹಿಸುವವರೂ ಇದ್ದಾರೆ. ತುಂಡು ಹುಬ್ಬಳ್ಳಿ ತಲುಪುವ ಹೊತ್ತಿಗೆ ಕೊಳೆಯತೊಡಗಿರುತ್ತದೆ. ಇದನ್ನು ತಡೆದವರು ಮುಂದೆ ಹಿಸ್ಟೊ ಕೋಣೆಗೆ ಬಂದಾಗ ಬೇರೆಯೇ ಎಚ್ಚರದಲ್ಲಿರುತ್ತಾರೆ.

ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ–ಧಾರವಾಡ ಹತ್ತಿರ: ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದ ಸತ್ತೂರಿನ ಎಸ್‌ಡಿಎಂ. ಸಿದ್ದಾಪುರದವರಿಗೆ ಶಿವಮೊಗ್ಗವೂ ದೂರವಲ್ಲ. ಹೊನ್ನಾವರದಿಂದ ದಕ್ಷಿಣದವರಿಗೆ ಮಣಿಪಾಲ ಮತ್ತು ಮಂಗಳೂರು. ಮಂಗಳೂರಿನಲ್ಲಿ ಒಂದೇ ಊರಿನೊಳಗೆ ಹಲವು ವೈದ್ಯಕೀಯ ಕಾಲೇಜುಗಳಿರುವುದರಿಂದ ಬಸ್ಸಿನಲ್ಲಿ ಒಂದೇ ದಿನ ಮೂರು ನಾಲ್ಕು ಕಡೆ ಬಯೊಡೇಟಾ ಕೊಟ್ಟು ಬರಬಹುದು. ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜೂ ಪಟ್ಟಿಯಲ್ಲಿರಲಿ. ಕಾರವಾರದವರು ಗೋವಾ ಎಂದ ಕೂಡಲೇ ಹುರುಪಾಗುತ್ತಾರೆ, ಮಡಗಾಂವ್ ರೈಲಿನಲ್ಲಿ ಕೂಗಳತೆಯಲ್ಲಿದೆ. ಆದರೆ ಬಾಂಬೋಲಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ಕಡೆ ಸರ್ಕಾರಿ ಹುದ್ದೆಗೆ ಗೋವಾದಲ್ಲಿ 15 ವರ್ಷ ವಾಸವಾಗಿರುವ ಪ್ರಮಾಣಪತ್ರ ಕೇಳುತ್ತಾರೆ. ನಮಗೆ ಕೊಂಕಣಿ ಬಂದರೆ ಸಾಲದು, ಕಾಳಿ ನದಿ ದಾಟಿ ಅಷ್ಟು ವರ್ಷ ನೆಲೆಸಿರಬೇಕು. ಅಲ್ಲಿ ನಮ್ಮ ಪ್ರಯತ್ನ ಖಾಸಗಿ ಆಸ್ಪತ್ರೆಗಳಲ್ಲಿ.

ಇನ್ನು ಯಾರೂ ಹೇಳದ ಬಾಗಿಲುಗಳು. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಓರಲ್ ಪೆಥಾಲಜಿ ವಿಭಾಗವಿರುತ್ತದೆ. ಅಲ್ಲೂ ಮೈಕ್ರೊಟೋಮ್ ಇದೆ, ಹಲ್ಲು ಮತ್ತು ಮೂಳೆಯನ್ನು ಆಮ್ಲದಲ್ಲಿ ಮೆತ್ತಗಾಗಿಸಿ ಕೊಯ್ಯುವ ವಿದ್ಯೆಯೂ ಸಿಗುತ್ತದೆ. ಕವಳದ (ಎಲೆಯಡಿಕೆಯ) ಸೀಮೆಯವರಾದ ನಮಗೆ ಆ ವಿಭಾಗದ ಕೆಲಸ ಅಪರಿಚಿತವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಈ ಮಾತನ್ನು ಸಿದ್ದಾಪುರದ ನನ್ನ ಮಾವನ ಮುಂದೆ ಎತ್ತಿದ ದಿನ ನನಗೆ ಊಟಕ್ಕೆ ಎರಡನೇ ಸಲ ಬಡಿಸಲಿಲ್ಲ. ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲೂ ವಿದ್ಯಾರ್ಥಿಗಳಿಗೆ ಸ್ಲೈಡ್ ಮಾಡುವ ಟೆಕ್ನಿಷಿಯನ್ ಬೇಕು. ಪಶುವೈದ್ಯಕೀಯ ಕಾಲೇಜುಗಳ ಪೆಥಾಲಜಿ, ಬೆಂಗಳೂರಿನ ಔಷಧ ಸುರಕ್ಷತಾ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಇಲಿಗಳ ಅಂಗಾಂಶ, ಇವೂ ಹಿಸ್ಟೊ ಕೆಲಸವೇ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅಂಥಲ್ಲಿ ಸಂಶೋಧನಾ ಯೋಜನೆಗಳಿಗೆ ಮೀನಿನ ಕಿವಿರು, ಲಿವರ್ ಕೊಯ್ಯಲು ಕೈ ಬೇಕಾಗುವುದುಂಟು. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಆದರೆ ಅನುಭವ ಉಳಿಯುತ್ತದೆ.

ಬಯೊಡೇಟಾ ಹಿಡಿದು ಹೋಗುವ ಹೊತ್ತೂ ಮುಖ್ಯ. ಬೆಳಿಗ್ಗೆ 9ರಿಂದ 12ರ ನಡುವೆ ಹಿಸ್ಟೊ ಕೋಣೆಯಲ್ಲಿ ಎಲ್ಲರ ಕಣ್ಣೂ ಬ್ಲೇಡಿನ ಮೇಲಿರುತ್ತದೆ. ಆಗ ಬಾಗಿಲಲ್ಲಿ ನಿಂತು "ಮೇಡಂ" ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ನೋಡಿದರೂ ಸಿಡುಕುತ್ತಾರೆ. ಮಧ್ಯಾಹ್ನ 3ರ ನಂತರ ಹೋಗಿ. ಆಡಳಿತ ಕಚೇರಿಯ ಟಪಾಲು ಪೆಟ್ಟಿಗೆಗೆ ಕಾಗದ ಹಾಕಿ ಬಂದರೆ ಅದು ಅಲ್ಲೇ ಮಲಗುತ್ತದೆ. ಹಿರಿಯ ಟೆಕ್ನಿಷಿಯನ್‌ರನ್ನು ಕಂಡು ಮಾತನಾಡಿ. ಯಾರು ಮದುವೆಯಾಗಿ ಹೋಗುತ್ತಿದ್ದಾರೆ, ಯಾರು ಗಲ್ಫ್‌ಗೆ ಹೊರಟಿದ್ದಾರೆ, ಯಾವ ತಿಂಗಳು ಜಾಗ ಖಾಲಿಯಾಗುತ್ತದೆ ಎಂಬುದು ಜಾಹೀರಾತು ಹೊರಡುವ ಮೊದಲೇ ಅವರಿಗೆ ತಿಳಿದಿರುತ್ತದೆ. ಬಯೊಡೇಟಾ ಒಂದು ಪುಟ ಸಾಕು. ‘ಪರಿಶ್ರಮಿ, ಪ್ರಾಮಾಣಿಕ’ ಎಂಬ ಸಾಲುಗಳನ್ನು ತೆಗೆದುಹಾಕಿ, ಯಾವ ಮೈಕ್ರೊಟೋಮ್‌ನಲ್ಲಿ ಕೊಯ್ದಿದ್ದೀರಿ, ದಿನಕ್ಕೆ ಎಷ್ಟು ಬ್ಲಾಕ್ ಮಾಡಬಲ್ಲಿರಿ, ಎಚ್ ಅಂಡ್ ಇ (ಹಿಮಟಾಕ್ಸಿಲಿನ್–ಇಯೋಸಿನ್) ಬಿಟ್ಟು ಪಿಎಎಸ್, ಜೀಲ್–ನೀಲ್ಸನ್, ರೆಟಿಕ್ಯುಲಿನ್ ಇವುಗಳಲ್ಲಿ ಯಾವ ಸ್ಟೇನ್ (ಬಣ್ಣ) ಸ್ವತಃ ಮಾಡಿದ್ದೀರಿ, ಕ್ರಯೋಸ್ಟಾಟ್ (ಹೆಪ್ಪುಗಟ್ಟಿಸಿದ ಅಂಗಾಂಶ ಕೊಯ್ಯುವ ಯಂತ್ರ) ಮುಟ್ಟಿದ್ದೀರಾ, ಎಫ್‌ಎನ್‌ಎಸಿ (ಸೂಜಿಯಿಂದ ಕೋಶ ತೆಗೆದು ನೋಡುವ ಪರೀಕ್ಷೆ) ಮತ್ತು ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕೋಶಗಳ ಪರೀಕ್ಷೆ) ಬರುತ್ತದೆಯೇ ಎಂಬುದನ್ನು ಬರೆಯಿರಿ. ನೋಡಿದ್ದು ಬೇರೆ, ಮಾಡಿದ್ದು ಬೇರೆ. ಬೇರೆ ಬೇರೆಯಾಗಿಯೇ ಬರೆಯಿರಿ.

ಮೈಕ್ರೊಟೋಮ್ ಮುಂದಿನ ಅರ್ಧ ಗಂಟೆ

ಒಳ್ಳೆಯ ಲ್ಯಾಬ್ ನಿಮ್ಮನ್ನು ಮಾತಿನಲ್ಲಿ ಮಾತ್ರ ಪರೀಕ್ಷಿಸುವುದಿಲ್ಲ. ಒಂದು ಬ್ಲಾಕ್ ಕೊಟ್ಟು "ಒಂದು ಸ್ಲೈಡ್ ಮಾಡಿ" ಎನ್ನುತ್ತಾರೆ. ನಾನು ಕೊಡುವುದು ಸಾಮಾನ್ಯವಾಗಿ ವರದಿ ಮುಗಿದ ಗರ್ಭಕೋಶದ ಸ್ನಾಯುವಿನ ಬ್ಲಾಕ್. ಮೆದುವೂ ಅಲ್ಲ, ತೀರಾ ಗಡುಸೂ ಅಲ್ಲ. ಸ್ಲೈಡ್ ಹೇಗೆ ಬಂತು ಎನ್ನುವುದು ಆಮೇಲೆ. ಮೊದಲು ನೋಡುವುದು ಬ್ಲೇಡ್ ಹಾಕುವಾಗ ಚಕ್ರದ ಲಾಕ್ ಹಾಕಿದ್ದೀರಾ ಎಂಬುದನ್ನು. ಬ್ಲಾಕ್ ಹೋಲ್ಡರ್ ತನ್ನ ಭಾರಕ್ಕೇ ಕೆಳಗೆ ಜಾರಿ ಬೆರಳನ್ನು ಬ್ಲೇಡಿಗೆ ಒತ್ತಿದರೆ ಗಾಯ ಮೂಳೆಯವರೆಗೆ ಹೋಗುತ್ತದೆ. ಲಾಕ್ ಹಾಕದೆ ಬ್ಲೇಡಿಗೆ ಕೈ ಹಾಕಿದವರನ್ನು ನಾನು ಅಲ್ಲಿಯೇ ನಿಲ್ಲಿಸುತ್ತೇನೆ. ಬ್ಲಾಕ್ ಮೊದಲು, ಬ್ಲೇಡ್ ಆಮೇಲೆ; ತೆಗೆಯುವಾಗ ಬ್ಲೇಡ್ ಮೊದಲು. ನಡುವೆ ಎದ್ದು ಹೋಗುವಾಗ ಬ್ಲೇಡ್ ಗಾರ್ಡ್ ಮುಚ್ಚಿರಬೇಕು.

ನಂತರ ಬ್ಲಾಕಿನ ನಂಬರ್ ಮತ್ತು ಸ್ಲೈಡಿನ ನಂಬರ್. ಕೊಯ್ಯುವ ಮುಂಚೆಯೇ ಸ್ಲೈಡಿನ ಮಸುಕು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಬೇಕು. ಪೆನ್ನಿನ ಶಾಯಿ ಆಲ್ಕೊಹಾಲ್, ಕ್ಸೈಲೀನ್‌ಗಳಲ್ಲಿ ತೊಳೆದುಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಬರೆದದ್ದನ್ನು ಬ್ಲಾಕಿನ ಜೊತೆ ಮತ್ತೊಮ್ಮೆ ಬಾಯಲ್ಲಿ ಓದಿ ಹೊಂದಿಸುವ ಹುಡುಗಿಯರನ್ನು ಕಂಡರೆ ನನಗೆ ಅರ್ಧ ಮನಸ್ಸು ಅಲ್ಲಿಯೇ ಒಪ್ಪಿರುತ್ತದೆ. ವಕ್ರವಾದ ಸೆಕ್ಷನ್ನನ್ನು (ಕೊಯ್ದ ತೆಳು ಪದರವನ್ನು) ಇನ್ನೊಮ್ಮೆ ಕೊಯ್ಯಬಹುದು. ಒಬ್ಬರ ಸ್ತನದ ತುಂಡಿಗೆ ಇನ್ನೊಬ್ಬರ ನಂಬರ್ ಬಿದ್ದರೆ ಆಗುವ ಅನಾಹುತಕ್ಕೆ ಮದ್ದಿಲ್ಲ.

ಈಗ ಕೊಯ್ಲು. ಮೊದಲು 10–15 ಮೈಕ್ರಾನ್‌ನಲ್ಲಿ ಟ್ರಿಮ್ ಮಾಡಿ (ಮೇಲಿನ ಮೇಣ ಸವರಿ), ಅಂಗಾಂಶದ ಪೂರ್ತಿ ಮುಖ ಕಂಡ ಮೇಲೆ ನಿಲ್ಲಿಸಿ. ಪುಟ್ಟ ಎಂಡೊಸ್ಕೋಪಿ ಬಯಾಪ್ಸಿಯಾದರೆ ಟ್ರಿಮ್ಮಿಂಗ್‌ನಲ್ಲೇ ಎಲ್ಲವೂ ಹಾರಿಹೋಗಬಹುದು, ಅಲ್ಲಿ ಜಿಪುಣತನ ಬೇಕು. ಆಮೇಲೆ ಬ್ಲಾಕಿನ ಮುಖವನ್ನು ಮಂಜುಗಡ್ಡೆಯ ಮೇಲೆ ಬೋರಲಾಗಿಸಿ ತಣಿಸಿ. ನಮ್ಮ ಕರಾವಳಿಯ ಏಪ್ರಿಲ್–ಮೇ ಸೆಖೆಯಲ್ಲಿ ಮೇಣ ಕ್ಷಣದಲ್ಲಿ ಮೆತ್ತಗಾಗುತ್ತದೆ, ಸೆಕ್ಷನ್ ಮುದುಡುತ್ತದೆ. ತಣಿಸುವುದನ್ನು ಬಿಟ್ಟವರು ಬ್ಲೇಡನ್ನು ಬಯ್ಯುತ್ತಾ ಕೂರುತ್ತಾರೆ. 4 ಮೈಕ್ರಾನ್‌ಗೆ ಇಳಿಸಿ ಚಕ್ರವನ್ನು ಒಂದೇ ಲಯದಲ್ಲಿ ನಿಧಾನವಾಗಿ ತಿರುಗಿಸಿ. ಮೊದಲ ಎರಡು ಮೂರು ಸೆಕ್ಷನ್ ಬಿಟ್ಟು, ಸೆಕ್ಷನ್‌ಗಳು ಒಂದಕ್ಕೊಂದು ಅಂಟಿದ ರಿಬ್ಬನ್ ಬರತೊಡಗಿದಾಗ ಕುಂಚದ ತುದಿಯಿಂದ ಅದರ ಮುಂದಿನ ಅಂಚನ್ನು ಮೆಲ್ಲನೆ ಎತ್ತಿ ಹಿಡಿಯಿರಿ.

ಉದ್ದಕ್ಕೆ ಗೀರು ಬಂದರೆ ಬ್ಲೇಡಿನಲ್ಲಿ ಮುಕ್ಕು, ಬ್ಲೇಡನ್ನು ಪಕ್ಕಕ್ಕೆ ಸರಿಸಿ. ಅಡ್ಡಕ್ಕೆ ಪಟ್ಟೆಪಟ್ಟೆಯಾಗಿ ದಪ್ಪ ತೆಳು ಬಂದರೆ ಎಲ್ಲಿಯೋ ತಿರುಪು ಸಡಿಲವಾಗಿದೆ ಅಥವಾ ಬ್ಲಾಕ್ ಗಡುಸಾಗಿದೆ. ಒಂದು ಸೆಕ್ಷನ್ ಬಂದು ಒಂದು ತಪ್ಪುತ್ತಿದ್ದರೆ ಬ್ಲೇಡಿನ ಕೋನ ನೋಡಿ. ಪರೀಕ್ಷೆಯಲ್ಲಿ ಸೆಕ್ಷನ್ ಕೆಟ್ಟರೆ ಗಾಬರಿ ಬೇಡ. ಏಕೆ ಕೆಟ್ಟಿತು ಎಂದು ಹೇಳಿ ಸರಿಪಡಿಸಿದರೆ, ಅದೃಷ್ಟದಿಂದ ಮೊದಲ ಸಲವೇ ಚೆನ್ನಾಗಿ ಬಂದವರಿಗಿಂತ ನಿಮ್ಮನ್ನೇ ನಾನು ಮೇಲೆ ಇಡುತ್ತೇನೆ.

ವಾಟರ್ ಬಾತ್ ಮೇಣ ಕರಗುವ ಉಷ್ಣಕ್ಕಿಂತ ಸುಮಾರು ಹತ್ತು ಡಿಗ್ರಿ ಕೆಳಗಿರಬೇಕು. ಕಾವಲಿ ಹದಕ್ಕೆ ಬಾರದೆ ತೆಳ್ಳೇವು (ತೆಳು ದೋಸೆ) ಏಳುವುದಿಲ್ಲವಲ್ಲ, ಇಲ್ಲಿಯೂ ಅದೇ ಕಥೆ: ನೀರು ತಣ್ಣಗಿದ್ದರೆ ನೆರಿಗೆ ಬಿಚ್ಚುವುದಿಲ್ಲ, ಬಿಸಿ ಹೆಚ್ಚಾದರೆ ಅಂಗಾಂಶ ಹರಿದು ಚೆದುರುತ್ತದೆ. ರಿಬ್ಬನ್ ತೇಲಿಬಿಟ್ಟು, ಚಿಮಟದಿಂದ ಬೇರ್ಪಡಿಸಿ, ಸ್ಲೈಡನ್ನು ನೀರಿನೊಳಗಿಂದ ಓರೆಯಾಗಿ ಎತ್ತಿ ಸೆಕ್ಷನ್ ಹಿಡಿಯಿರಿ. ಇಷ್ಟಕ್ಕೇ ಕೈ ಒರೆಸಿಕೊಂಡು ಏಳಬೇಡಿ. ಟಿಶ್ಯೂ ಪೇಪರ್ ಎಳೆದು ನೀರಿನ ಮೇಲ್ಮೈಯನ್ನು ಒರೆಸಿ. ಹಿಂದಿನ ಬ್ಲಾಕಿನ ಒಂದು ಚೂರು ತೇಲುತ್ತಿದ್ದು ಮುಂದಿನವರ ಸ್ಲೈಡಿಗೆ ಅಂಟಿದರೆ ಪೆಥಾಲಜಿಸ್ಟ್‌ಗೆ ಆರೋಗ್ಯವಂತರ ಪಿತ್ತಕೋಶದಲ್ಲಿ ಕ್ಯಾನ್ಸರ್ ಕೋಶ ಕಾಣಿಸಬಹುದು. ಯಾರೂ ಹೇಳದೆಯೇ ನೀರು ಒರೆಸಿದ ಅಭ್ಯರ್ಥಿಯ ಹೆಸರಿನ ಮುಂದೆ ನಾನು ಆಗಲೇ ಗುರುತು ಹಾಕಿಕೊಂಡಿರುತ್ತೇನೆ.

ಬಾಯಿಮಾತಿನ ಪ್ರಶ್ನೆಗಳು ಹೆಚ್ಚು ಬದಲಾಗುವುದಿಲ್ಲ. 10 ಶೇಕಡಾ ಫಾರ್ಮಾಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಎಷ್ಟು? ಸುಮಾರು 4 ಶೇಕಡಾ, ಏಕೆಂದರೆ ಬಾಟಲಿಯಲ್ಲಿ ಬರುವ ಫಾರ್ಮಾಲಿನ್ನೇ 37–40 ಶೇಕಡಾದ್ದು. ಫಾರ್ಮಾಲಿನ್‌ಗೆ ಬಫರ್ (ಆಮ್ಲೀಯವಾಗದಂತೆ ತಡೆಯುವ ಲವಣ) ಏಕೆ? ಆಮ್ಲೀಯವಾದರೆ ರಕ್ತದ ಜೊತೆ ಸೇರಿ ಕಂದು ಬಣ್ಣದ ಫಾರ್ಮಾಲಿನ್ ಪಿಗ್ಮೆಂಟ್ ಕೂರುತ್ತದೆ. ಚರ್ಮವನ್ನು ಬ್ಲಾಕ್ ಕಟ್ಟುವಾಗ ಹೇಗೆ ನಿಲ್ಲಿಸುತ್ತೀರಿ? ಎಲ್ಲ ಪದರಗಳೂ ಕಾಣುವಂತೆ ಅಂಚಿನ ಮೇಲೆ. ಮೂಳೆ ಮೆತ್ತಗಾಯಿತೆಂದು ಹೇಗೆ ತಿಳಿಯುತ್ತೀರಿ? ಎಕ್ಸ್‌ರೇ ಅಥವಾ ರಾಸಾಯನಿಕ ಪರೀಕ್ಷೆಯಿಂದ. ಸೂಜಿ ಚುಚ್ಚಿ ನೋಡುವುದು ಬಳಕೆಯಲ್ಲಿದ್ದರೂ ಅಂಗಾಂಶ ಹಾಳಾಗುತ್ತದೆ ಎಂದು ಸೇರಿಸಿ. ಸ್ತನದ ಗಡ್ಡೆ ಫಾರ್ಮಾಲಿನ್‌ನಲ್ಲಿ ಎಷ್ಟು ಹೊತ್ತಿರಬೇಕು? ಹಾರ್ಮೋನ್ ರಿಸೆಪ್ಟರ್ ಪರೀಕ್ಷೆ ಮಾಡಬೇಕಾದರೆ 6ರಿಂದ 72 ಗಂಟೆಯೊಳಗೆ. ನಮ್ಮ ಜಿಲ್ಲೆಯ ಬಾಟಲಿಗಳು ಶನಿವಾರ ಹೊರಟು ಸೋಮವಾರ ತೆರೆಯುವುದನ್ನು ಬಲ್ಲವರು ಇದನ್ನು ಚೆನ್ನಾಗಿ ನೆನಪಿಡುತ್ತಾರೆ.

ಮಳೆಗಾಲದ ಪ್ರಶ್ನೆ

ಕರಾವಳಿಯ ಲ್ಯಾಬಿಗೆ ಹೋಗುವವರಿಗೆ ಪಠ್ಯದಲ್ಲಿ ಒತ್ತಿ ಹೇಳದ ಎರಡು ಸಂಗತಿ ಗೊತ್ತಿರಬೇಕು. ಒಂದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಶುದ್ಧ ಆಲ್ಕೊಹಾಲ್ ಮುಚ್ಚಳ ತೆರೆದಷ್ಟೂ ನೀರು ಕುಡಿಯುತ್ತದೆ, ಆ ನೀರು ಕ್ಸೈಲೀನ್‌ಗೆ ಹೋಗಿ ಹಾಲಿನಂತೆ ಬಿಳುಪಾಗಿಸುತ್ತದೆ, ಸ್ಲೈಡು ಮಂಜಾಗುತ್ತದೆ. ಆಲ್ಕೊಹಾಲ್ ಜಾರಿನ ತಳದಲ್ಲಿ ನೀರಿಲ್ಲದ ಬಿಳಿಯ ಕಾಪರ್ ಸಲ್ಫೇಟ್ ಇಟ್ಟರೆ ಅದು ನೀಲಿಗೆ ತಿರುಗಿದಾಗ ಬದಲಾಯಿಸುವ ಹೊತ್ತಾಯಿತೆಂದು ತಿಳಿಯುತ್ತದೆ. ಚಿರೆಕಲ್ಲಿನ ನೆಲದ ಬಾವಿನೀರು ಹಲವೆಡೆ ತುಸು ಆಮ್ಲೀಯ. ಹಿಮಟಾಕ್ಸಿಲಿನ್ ನಂತರ ಅದರಲ್ಲಿ ತೊಳೆದರೆ ನೀಲಿ ಬೇಗ ಏರುವುದಿಲ್ಲ, ಕೆಂಪುಛಾಯೆ ಉಳಿಯುತ್ತದೆ. ಅಡಿಗೆ ಸೋಡಾ ಮತ್ತು ಮೆಗ್ನೀಸಿಯಂ ಸಲ್ಫೇಟ್ ಹಾಕಿದ ಸ್ಕಾಟ್ಸ್ ದ್ರಾವಣ ಮಾಡಿಟ್ಟುಕೊಳ್ಳಿ.

ಎರಡು, ಕರೆಂಟು. ರಾತ್ರಿ ಮರ ಬಿದ್ದು ವಿದ್ಯುತ್ ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು, ಬೆಳಿಗ್ಗೆ ಬಂದು ನೋಡಿದರೆ ಹಳೆಯ ಮಾದರಿಯ ಪ್ರೊಸೆಸರ್‌ನ ಬುಟ್ಟಿ ಎರಡು ಜಾರುಗಳ ನಡುವೆ ಗಾಳಿಯಲ್ಲಿ ನೇತಾಡುತ್ತಿದೆ. ಏನು ಮಾಡುತ್ತೀರಿ? ಈ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಮೊದಲು ಬುಟ್ಟಿಯನ್ನು ಕೈಯಿಂದ ದ್ರವದೊಳಗೆ ಇಳಿಸಬೇಕು, ಒಣಗಲು ಬಿಡಬಾರದು, ಯಾವ ಜಾರಿನಿಂದ ಎದ್ದಿತ್ತು ಎಂದು ಗುರುತಿಸಿ ಅಲ್ಲಿಂದ ಕೈಯಾರೆ ಮುಂದುವರಿಸಬೇಕು, ಪೆಥಾಲಜಿಸ್ಟ್‌ಗೆ ಹೇಳಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಯ ಎರಡನ್ನು ಹೇಳುವವರು ಕಡಿಮೆ. ಮುಚ್ಚಿಟ್ಟರೆ ವಾರದ ನಂತರ ಸ್ಲೈಡೇ ಹೇಳುತ್ತದೆ.

ಸರ್ಕಾರಿ ಅರ್ಜಿ, ಹೊರಗುತ್ತಿಗೆ, ಸಂಬಳ

ಸರ್ಕಾರಿ ಹುದ್ದೆ ‘ಪ್ರಯೋಗಶಾಲಾ ತಂತ್ರಜ್ಞ’ ಎಂಬ ಹೆಸರಿನಲ್ಲಿ ಬರುತ್ತದೆ. ಆರೋಗ್ಯ ಇಲಾಖೆಯದು ಬೇರೆ, ಸ್ವಾಯತ್ತ ವೈದ್ಯಕೀಯ ಕಾಲೇಜುಗಳ ಅಧಿಸೂಚನೆ ಬೇರೆ, ಎರಡನ್ನೂ ನೋಡುತ್ತಿರಬೇಕು. ಅಧಿಸೂಚನೆ ಬಂದ ಮೇಲೆ ನಾಡಕಚೇರಿಗೆ ಓಡುವವರು ಅರ್ಧ ಸಮಯ ಅಲ್ಲೇ ಕಳೆಯುತ್ತಾರೆ. ಜಾತಿ–ಆದಾಯ ಪ್ರಮಾಣಪತ್ರ, ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ ಇವನ್ನು ಈಗಲೇ ಮಾಡಿಸಿಡಿ. ಗ್ರಾಮೀಣ ಪ್ರಮಾಣಪತ್ರಕ್ಕೆ ನಿಮ್ಮ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದು ಕಷ್ಟ.

ಹೊರಗುತ್ತಿಗೆಯ ಕೆಲಸವಾದರೆ ಸಂಬಳ ಕೊಡುವವರು ಆಸ್ಪತ್ರೆಯಲ್ಲ, ಏಜೆನ್ಸಿ. ನನ್ನ ಮೊದಲ ಕೆಲಸದಲ್ಲಿ ಏಜೆನ್ಸಿಯೊಂದು ಭವಿಷ್ಯ ನಿಧಿಯ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಹಿಡಿದು ಖಾತೆಗೆ ಕಟ್ಟಿರಲಿಲ್ಲ. ಆದ್ದರಿಂದ ಸೇರಿದ ಎರಡನೇ ತಿಂಗಳೇ ಯುಎಎನ್ (ಭವಿಷ್ಯ ನಿಧಿಯ ಗುರುತು) ಸಂಖ್ಯೆ ಕೇಳಿ, ಪಾಸ್‌ಬುಕ್ ತೆರೆದು ನೋಡಿ. ಮೂಲ ವೇತನದ 12 ಶೇಕಡಾ ನಿಮ್ಮಿಂದ ಹೋಗಬೇಕು, ಮಾಲೀಕರಿಂದಲೂ ಅಷ್ಟೇ ಬರಬೇಕು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ನಿಮ್ಮ ಪಾಲು 0.75 ಶೇಕಡಾ ಮಾತ್ರ, ಅದಕ್ಕಿಂತ ಹೆಚ್ಚು ಹಿಡಿದರೆ ಕೇಳಿ.

ಸಂಬಳದ ಮಾತಿಗೆ ಮುಂಚೆ ಕೋಣೆಯನ್ನು ನೋಡಲು ಬಿಡಿ ಎಂದು ಕೇಳಿ. ಫಾರ್ಮಾಲ್ಡಿಹೈಡ್ ಕೂಡ ಅಡಿಕೆಯ ಗುಂಪಿನದೇ, ಕ್ಯಾನ್ಸರ್‌ಕಾರಕವೆಂದು ದೃಢಪಟ್ಟದ್ದು. ಗ್ರಾಸಿಂಗ್ ಮೇಜಿಗೆ ಗಾಳಿ ಎಳೆಯುವ ವ್ಯವಸ್ಥೆ ಇದೆಯೇ, ಕ್ಸೈಲೀನ್ ಜಾರುಗಳು ಮುಚ್ಚಿವೆಯೇ, ಸರಿಯಾದ ಕೈಗವಸು ಕೊಡುತ್ತಾರೆಯೇ, ಬಳಸಿದ ಬ್ಲೇಡಿಗೆ ಡಬ್ಬ ಇದೆಯೇ? ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಫ್ಯಾನ್ ತೋರಿಸಿ "ಅಭ್ಯಾಸವಾಗುತ್ತದೆ" ಎಂದರೆ ಆ ಕೆಲಸ ಬೇಡ. ಅಭ್ಯಾಸವಾಗುವುದು ಮೂಗಿಗೆ, ಶ್ವಾಸಕೋಶಕ್ಕಲ್ಲ. ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆರಂಭಿಸಿ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಫ್ರೋಜನ್ ಸೆಕ್ಷನ್‌ಗೆ (ಹೆಪ್ಪುಗಟ್ಟಿಸಿ ಕೂಡಲೇ ಕೊಯ್ಯಲು) ಬರುವ ಅಂಗಾಂಶ ಫಾರ್ಮಾಲಿನ್ ಕಾಣದ ಹಸಿಯದು, ಕ್ರಯೋಸ್ಟಾಟ್ ಮುಂದೆ ಇನ್ನಷ್ಟು ಎಚ್ಚರ ಬೇಕು.

ಭಟ್ಕಳ, ಹೊನ್ನಾವರ ಕಡೆಯವರು ಗಲ್ಫ್ ವಿಷಯ ಕೇಳುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕೆಲವು ವರ್ಷಗಳ ಅನುಭವ, ದಾಖಲೆಗಳ ಪರಿಶೀಲನೆ, ಆ ದೇಶದ ಪರವಾನಗಿ ಪರೀಕ್ಷೆ ಇವೆಲ್ಲ ಆಗಬೇಕು. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಇಲ್ಲಿ ಕೈ ಕುದುರಿಸಿಕೊಳ್ಳಿ.

ಎಲ್ಲಿಗೇ ಹೋದರೂ ಉಪಯೋಗಕ್ಕೆ ಬರುವುದು ಅನುಭವ ಪತ್ರ. ನಮ್ಮವರು ಅದರಲ್ಲೇ ಸೋಲುತ್ತಾರೆ. ವರ್ಷಗಟ್ಟಲೆ ಬ್ಲಾಕ್ ಕೊಯ್ದವರ ಕೈಗೂ ಆಡಳಿತ ಕಚೇರಿ ‘ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದ್ದಾರೆ’ ಎಂಬ ಒಂದೇ ಸಾಲು ಕೊಟ್ಟು ಕಳುಹಿಸುತ್ತದೆ. ಕೆಲಸ ಬಿಡುವ ಮೊದಲು ನೀವೇ ಒಂದು ಕರಡು ಬರೆದು ಪೆಥಾಲಜಿಸ್ಟ್ ಬಳಿ ಹೋಗಿ. ಹಿಸ್ಟೊಪೆಥಾಲಜಿ ವಿಭಾಗದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದಿರಿ, ಪ್ರೊಸೆಸಿಂಗ್, ಎಂಬೆಡಿಂಗ್ (ಬ್ಲಾಕ್ ಕಟ್ಟುವುದು), ಮೈಕ್ರೊಟಮಿ (ಕೊಯ್ಯುವುದು), ಎಚ್ ಅಂಡ್ ಇ, ಯಾವ ಯಾವ ವಿಶೇಷ ಸ್ಟೇನ್, ಕ್ರಯೋಸ್ಟಾಟ್, ಇಮ್ಯುನೊಹಿಸ್ಟೊಕೆಮಿಸ್ಟ್ರಿ (ಪ್ರತಿಕಾಯ ಬಳಸಿ ಮಾಡುವ ಸ್ಟೇನ್) ಮಾಡಿದ್ದೀರಿ, ಲ್ಯಾಬಿಗೆ ಎನ್‌ಎಬಿಎಲ್‌ನ ಗುಣಮಟ್ಟದ ಮಾನ್ಯತೆ ಇದ್ದರೆ ಅದೂ, ಎಲ್ಲವೂ ಅದರಲ್ಲಿರಲಿ. ಅವರ ಸಹಿ, ನೋಂದಣಿ ಸಂಖ್ಯೆ, ಸಂಸ್ಥೆಯ ಮೊಹರು ಬೀಳಲಿ. ಕೊನೆಯ ದಿನ ಎಲ್ಲರೂ ಸಿಹಿ ಹಂಚುವ ಗಡಿಬಿಡಿಯಲ್ಲಿರುತ್ತಾರೆ, ಆದ್ದರಿಂದ ಹದಿನೈದು ದಿನ ಮೊದಲೇ ಕೇಳಿ, ಎರಡು ಮೂಲಪ್ರತಿ ಮಾಡಿಸಿಕೊಳ್ಳಿ.